ಕಿತ್ತಳೆ ಸ್ಪಂಜಿನ ತುದಿಗಳು ಬಿಳಿಚಿ ಉದುರುತ್ತಿವೆ

ಉಪ್ಪುನೀರು:
ನನ್ನ ಸಮುದ್ರನೀರಿನ ಅಕ್ವೇರಿಯಂ ತೊಟ್ಟಿಗೆ ಮೂರು ವಾರಗಳ ಹಿಂದೆ ತಂದ, ಕವಲೊಡೆದ ಜೀವಂತ ಕಿತ್ತಳೆ ಸ್ಪಂಜು ತುದಿಗಳಲ್ಲಿ ಬಿಳಿಚಿಕೊಂಡು, ಲೋಳೆಯಾಗಿ ಉದುರುತ್ತಿದೆ. ಉಷ್ಣತೆ 26 ಡಿಗ್ರಿ, ಲವಣಾಂಶ ಸಾವಿರಕ್ಕೆ 35, ಅಮೋನಿಯಾ ಸೊನ್ನೆ. ಹವಳಗಳೆಲ್ಲ ಚೆನ್ನಾಗಿಯೇ ಇವೆ. ದಯವಿಟ್ಟು ‘ನೀರು ಬದಲಿಸಿ’ ಎಂದು ಮಾತ್ರ ಹೇಳಬೇಡಿ.

ಗಾಜುಮುಳ್ಳು:
ಇಂತಹ ಸ್ಪಂಜುಗಳ ಅಸ್ಥಿಪಂಜರದಲ್ಲಿ ಗಾಜಿನಂಥ ಸಿಲಿಕಾದ ಸೂಕ್ಷ್ಮ ಮುಳ್ಳುಗಳಿರುತ್ತವೆ, ಆ ಸಿಲಿಕಾ ನೀರಿನಿಂದಲೇ ಬರಬೇಕು. ಶುದ್ಧೀಕರಿಸಿದ ನೀರು ಬಳಸುತ್ತಿದ್ದರೆ ಅದರ ಕೊರತೆಯೇ ಕಾರಣವಿರಬೇಕು. ಮೊದಲು ಸಿಲಿಕೇಟ್, ಅಂದರೆ ನೀರಿನಲ್ಲಿ ಕರಗಿದ ಸಿಲಿಕಾ, ಅಳೆದು ತಿಳಿಸಿ.

ಹಳೆತೊಟ್ಟಿ:
ಸಿಲಿಕಾ ಕಡಿಮೆಯಾದರೆ ಬೆಳವಣಿಗೆ ನಿಧಾನವಾದೀತೇ ಹೊರತು ಮೂರು ವಾರದಲ್ಲಿ ತುದಿ ಕೊಳೆಯುವುದಿಲ್ಲ. ಅಳೆಯದೆ ಸಿಲಿಕೇಟ್ ಸುರಿದರೆ ಗಾಜಿನ ತುಂಬ ಕಂದು ಡಯಾಟಂ ಪಾಚಿ ಹಬ್ಬುತ್ತದೆ. ಸ್ಪಂಜನ್ನು ಎಲ್ಲಿ ಇಟ್ಟಿದ್ದೀರಿ, ಯಾವ ಫಿಲ್ಟರ್ ಓಡುತ್ತಿದೆ?

ಗಾಜುಮುಳ್ಳು:
ಸುರಿಯಿರಿ ಎಂದು ನಾನೆಲ್ಲಿ ಹೇಳಿದೆ? ಅಳೆಯಿರಿ ಎಂದೆ. ಅಲ್ಲದೆ ಡಯಾಟಂ ಬಂದರೆ ಅನಾಹುತವೇನೂ ಆಗುವುದಿಲ್ಲ, ಬಸವನಹುಳುಗಳು ತಿನ್ನುತ್ತವೆ.

ಉಪ್ಪುನೀರು:
ಬಣ್ಣ ಚೆನ್ನಾಗಿ ಕಾಣಲೆಂದು ದೀಪದ ನೇರ ಕೆಳಗೆ, ಬಂಡೆಯ ತುದಿಯಲ್ಲಿಟ್ಟಿದ್ದೇನೆ. ಕೊಳೆಯನ್ನು ನೊರೆಯಾಗಿಸಿ ತೆಗೆಯುವ ಸ್ಕಿಮ್ಮರ್ ಹಗಲಿರುಳೂ ಓಡುತ್ತದೆ, ಜೊತೆಗೆ 5 ಮೈಕ್ರಾನ್ ಸೋಸುಚೀಲವಿದೆ. ಬಂಡೆಗೆ ಅಂಟಿಸುವಾಗ ಅಂಟು ಗಟ್ಟಿಯಾಗಲೆಂದು ಸ್ಪಂಜನ್ನು ಐದು ನಿಮಿಷ ನೀರಿನಿಂದ ಹೊರಗಿಟ್ಟು ಒರೆಸಿದ್ದೆ, ಅದು ದೊಡ್ಡ ವಿಷಯವಲ್ಲ ಎಂದುಕೊಂಡಿದ್ದೇನೆ.

ಹಳೆತೊಟ್ಟಿ:
ಮೊದಲೇ ಹೇಳಬೇಕಾಗಿದ್ದ ವಿಷಯ ಅದೇ. ಸ್ಪಂಜಿನ ಮೈಯೆಲ್ಲ ನೀರು ಹರಿಯುವ ಸೂಕ್ಷ್ಮ ಕಾಲುವೆಗಳು. ಚಾವಟಿಯಂಥ ಕಶಾಂಗಗಳುಳ್ಳ ಕೊರಳುಕೋಶಗಳು ಬಡಿದು ನೀರನ್ನು ರಂಧ್ರಗಳಿಂದ ಒಳಗೆಳೆದು, ದೊಡ್ಡ ಬಾಯಿಯಿಂದ ಹೊರಹಾಕುತ್ತವೆ. ಹೊರತೆಗೆದಾಗ ಒಳಹೊಕ್ಕ ಗಾಳಿಗುಳ್ಳೆಗಳನ್ನು ಅವು ತಳ್ಳಲಾರವು. ಹರಿವು ನಿಂತ ಭಾಗ ಸಾಯುತ್ತದೆ. ಕೆಲವು ಸ್ಪಂಜುಗಳು ಬೆಳಕಿನಿಂದ ಆಹಾರ ತಯಾರಿಸುವ ಸಹಜೀವಿ ಸಯನೋಬ್ಯಾಕ್ಟೀರಿಯಾಗಳ ಬಲದಿಂದ ಬೆಳಕಿನಲ್ಲಿ ಬದುಕುತ್ತವೆ, ಆದರೆ ನೀವು ಹೇಳುವ ಬಗೆಯವು ಹೆಚ್ಚಾಗಿ ಮರೆಯಲ್ಲಿ, ಚಾಚುಬಂಡೆಗಳ ಕೆಳಗೆ ಬೆಳೆಯುತ್ತವೆ. ಬೆಳಕಿನಲ್ಲಿ ಪಾಚಿ ಕವಿದು ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಅವುಗಳ ಆಹಾರ ಬ್ಯಾಕ್ಟೀರಿಯಾದಷ್ಟು ಸಣ್ಣ ಕಣಗಳು ಮತ್ತು ಕರಗಿದ ಸಾವಯವ ಇಂಗಾಲ. ಆ ಸಾವಯವವನ್ನೇ ನಿಮ್ಮ ಸ್ಕಿಮ್ಮರ್ ನೊರೆಯಾಗಿಸಿ ಚೆಲ್ಲುತ್ತಿದೆ. ನೀವು ಶುದ್ಧವೆಂದುಕೊಂಡ ನೀರು ಸ್ಪಂಜಿಗೆ ಖಾಲಿ ತಟ್ಟೆ.

ಬಿಳಿಚಿದ ಭಾಗವನ್ನು ನೀರಿನೊಳಗೇ ಹರಿತವಾದ ಬ್ಲೇಡಿನಿಂದ ಕಿತ್ತಳೆ ಅಂಗಾಂಶದವರೆಗೆ ಕತ್ತರಿಸಿ. ಹೆದರಬೇಡಿ: 1907ರಲ್ಲಿ ವಿಲ್ಸನ್ ಎಂಬ ವಿಜ್ಞಾನಿ ಸ್ಪಂಜನ್ನು ಬಟ್ಟೆಯ ಮೂಲಕ ಹಿಂಡಿ ಬಿಡಿಕೋಶಗಳಾಗಿಸಿದರೂ ಅವು ಮತ್ತೆ ಒಟ್ಟುಗೂಡಿದ್ದವು. ಬಳಿಕ ನೆರಳಿನಲ್ಲಿ, ಹರಿವಿರುವ ಕಡೆ ಇಡಿ.

ಉಪ್ಪುನೀರು:
ಕತ್ತರಿಸಿ ಚಾಚುಬಂಡೆಯ ಕೆಳಗಿಟ್ಟಿದ್ದೇನೆ, ಚೀಲವನ್ನೂ ತೆಗೆದಿದ್ದೇನೆ. ಸ್ಕಿಮ್ಮರನ್ನು ರಾತ್ರಿ ಮಾತ್ರ ನಿಲ್ಲಿಸಿದರೆ ಸಾಕೇ?

ಗಾಜುಮುಳ್ಳು:
ಸಿಲಿಕೇಟ್ ಎಷ್ಟಿದೆ ಎಂದು ಇನ್ನೂ ಹೇಳಿಲ್ಲ.