ಬೇಸಿಗೆಯಲ್ಲೂ ದಡದ ನೀರು ತಣ್ಣಗೆ, ಯಾಕೆ?

ಪ್ರಶ್ನೆ: ಗಾಳಿ ದಡದ ಉದ್ದಕ್ಕೇ ಬೀಸುತ್ತದೆ, ಸಮುದ್ರದ ಕಡೆಗಲ್ಲ. ಆದರೂ ಖಂಡಾವರಣದ (ದಡಕ್ಕೆ ಹೊಂದಿದ, ಆಳ ಕಡಿಮೆಯಿರುವ ಸಮುದ್ರ ಭಾಗದ) ನೀರು ಒಂದೆರಡು ದಿನದಲ್ಲಿ ತಣ್ಣಗಾಗುತ್ತದೆ. ಉಪಗ್ರಹದ ತಾಪಮಾನ ನಕ್ಷೆಯಲ್ಲಿ ಮಾತ್ರ ಅದು ಕಾಣುವುದಿಲ್ಲವಲ್ಲ?

ಉತ್ತರ 1: ಭೂಮಿ ತಿರುಗುವುದರಿಂದ ಉತ್ತರಾರ್ಧಗೋಳದಲ್ಲಿ ಮೇಲ್ಪದರದ ನೀರು ಒಟ್ಟಾರೆ ಗಾಳಿಯ ಬಲಕ್ಕೆ ಸರಿಯುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಂತಾಗ ದಡ ಎಡಕ್ಕಿದ್ದರೆ ಆ ನೀರು ಆಚೆ ಹೋಗಿ, 50–200 ಮೀಟರ್ ಆಳದ ತಣ್ಣೀರು ಮೇಲೇರುತ್ತದೆ. ದಕ್ಷಿಣದಲ್ಲಿ, ಉದಾಹರಣೆಗೆ ಪೆರು ಕರಾವಳಿಯಲ್ಲಿ, ಎಡ-ಬಲ ಅದಲುಬದಲು.

ಉತ್ತರ 2: ನಕ್ಷೆಯ ವಿಷಯ: ಮೋಡವಿದ್ದರೆ ಉಪಗ್ರಹದ ಇನ್‌ಫ್ರಾರೆಡ್ (ಶಾಖದ ಕಿರಣ ಗ್ರಹಿಸುವ) ಸಂವೇದಕ ಕುರುಡು. ಮೈಕ್ರೋವೇವ್ ಸಂವೇದಕ ಮೋಡ ದಾಟಿ ನೋಡುತ್ತದೆ, ಆದರೆ ದಡದ ಹತ್ತಿರ ನೆಲದ ಸಂಕೇತ ಬೆರೆತು ಕೆಡುತ್ತದೆ. ಎರಡೂ ನೋಡುವುದು ನೀರಿನ ಮೇಲ್ಮೈಯನ್ನಷ್ಟೇ. ಗಾಳಿ ನಿಂತರೆ ಮೇಲಿನ ತೆಳು ಪದರ ಬಿಸಿಲಿಗೆ ಕಾದು, ಕೆಳಗಿನ ತಣ್ಣೀರನ್ನು ಮುಚ್ಚಿಬಿಡುತ್ತದೆ. ಒಂದೇ ಹಗ್ಗಕ್ಕೆ 1, 5, 10, 20 ಮೀಟರಿನಲ್ಲಿ ತಾಪಮಾಪಕ ಕಟ್ಟಿ ಇಳಿಬಿಡಿ, ಗೊತ್ತಾಗುತ್ತದೆ. ಕೆಳಗೆ ಭಾರ ಸಾಲದಿದ್ದರೆ ಪ್ರವಾಹಕ್ಕೆ ಹಗ್ಗ ವಾಲಿ ಆಳವೇ ತಪ್ಪಾಗುತ್ತದೆ, ಜೋಕೆ.