ಬೆಲ್ಲದ ಮಸಾಲೆ ಟೀ ಕೆಲವು ದಿನ ಮಾತ್ರ ಒಡೆಯುತ್ತೆ, ಯಾಕೆ?

ಬೆಲ್ಲದಚ್ಚು, ಮಂಡ್ಯ

ಎರಡು ಲೋಟ ಮಸಾಲೆ ಟೀಗೆ ಈಗ ಮಾಡ್ತಿರೋ ಕ್ರಮ ಹೀಗಿದೆ. ಒಂದು ಲೋಟ ಹಾಲು, ಒಂದು ಲೋಟ ನೀರು ಒಟ್ಟಿಗೇ ಒಲೆ ಮೇಲೆ. ಬೆಚ್ಚಗಾಗ್ತಿದ್ದ ಹಾಗೆ ಒಂದಿಂಚು ಹಸಿಶುಂಠಿ ತುರಿದು ಹಾಕೋದು, ಜೊತೆಗೆ ಎರಡು ಏಲಕ್ಕಿ, ನಾಲ್ಕು ಲವಂಗ, ಒಂದು ಚೂರು ಚಕ್ಕೆ ಜಜ್ಜಿ ಹಾಕೋದು. ಕುದಿ ಬಂದ ಮೇಲೆ ಎರಡು ಚಮಚ ಟೀ ಸೊಪ್ಪು, ಒಂದು ನಿಂಬೆಗಾತ್ರದ ಬೆಲ್ಲ. ಇನ್ನೈದು ನಿಮಿಷ ಕುದಿಸಿ ಸೋಸೋದು.

ತೊಂದರೆ ಮೂರು. ವಾರದಲ್ಲಿ ಎರಡು ದಿನವಾದ್ರೂ ಹಾಲು ಒಡೆದು ಕಾಳುಕಾಳಾಗುತ್ತೆ. ಅದೇ ಪ್ಯಾಕೆಟ್ ಹಾಲಲ್ಲಿ ಕಾಫಿ ಮಾಡಿದ್ರೆ ಏನೂ ಆಗಲ್ಲ. ಎರಡನೇದು, ಕುದಿಯುವಾಗ ಮನೆಯೆಲ್ಲಾ ಏಲಕ್ಕಿ ಘಮ, ಲೋಟಕ್ಕೆ ಬಂದಾಗ ಏನೂ ಇಲ್ಲ. ಮೂರನೇದು, ಕೊನೇ ಗುಟುಕು ಕಹಿ. ಸಕ್ಕರೆಗೆ ಹೋಗೋ ಮನಸ್ಸಿಲ್ಲ, ಮಂಡ್ಯದಲ್ಲಿದ್ದು ಬೆಲ್ಲ ಬಿಡೋದು ಹೇಗೆ. ಮಸಾಲೆ ಪುಡಿ ಮಾಡಿಟ್ಟುಕೊಳ್ಳೋ ಅಳತೆ ಗೊತ್ತಿರೋರು ಅದನ್ನೂ ತಿಳಿಸಿ.

ಕೊನೇಗುಟುಕು, ಮೈಸೂರು

ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಗುರು, ಒಡೆಯೋದು ನಿಲ್ಲುತ್ತೆ.

ಒಲೆಮುಂದೆ, ಮೈಸೂರು

ಸೋಡಾ ಹಾಕಿದ್ರೆ ಒಡೆಯೋದು ನಿಲ್ಲುತ್ತೆ, ನಿಜ. ಟೀನೂ ಅಲ್ಲಿಗೇ ನಿಲ್ಲುತ್ತೆ. ಹುಳಿ ಸತ್ತ ಡಿಕಾಕ್ಷನ್ ಕಪ್ಪಗಾಗುತ್ತೆ, ಸಪ್ಪೆಯಾಗುತ್ತೆ, ಚಿಟಿಕೆ ಸ್ವಲ್ಪ ದೊಡ್ಡದಾದ್ರೆ ಸೋಪಿನ ರುಚಿ. ಅದು ಬೇಡ.

ಬೆಲ್ಲದಚ್ಚು ಅವರೇ, ನಿಮ್ಮ ಸಾಮಾನಿನಲ್ಲಿ ತಪ್ಪಿಲ್ಲ, ಹಾಕೋ ಸರದಿಯಲ್ಲಿ ತಪ್ಪಿದೆ. ಹಾಲು ಒಡೆಸೋದು ನಿಮ್ಮ ಪಾತ್ರೆಯಲ್ಲಿ ಎರಡಿವೆ. ಎಲ್ಲರೂ ಬೆಲ್ಲವನ್ನ ಬೈತಾರೆ, ಹಸಿಶುಂಠಿಯನ್ನ ಯಾರೂ ಹಿಡಿಯಲ್ಲ. ಹಸಿಶುಂಠಿ ರಸದಲ್ಲಿ ಹಾಲಿನ ಪ್ರೋಟೀನನ್ನ ಕತ್ತರಿಸೋ ಕಿಣ್ವ ಇದೆ. ಅದು ಚೆನ್ನಾಗಿ ಕೆಲಸ ಮಾಡೋದು ಸುಮಾರು 60 ಡಿಗ್ರಿ ಬಿಸಿಯಲ್ಲಿ, ಅಂದ್ರೆ ನೀವು ತುರಿದು ಹಾಕೋ ಆ "ಬೆಚ್ಚಗಾಗ್ತಿದ್ದ" ಹೊತ್ತಿನಲ್ಲೇ. ಚೀನಾದ ದಕ್ಷಿಣದಲ್ಲಿ ಇದೇ ಗುಣ ಬಳಸಿ ಬಿಸಿ ಹಾಲಿಗೆ ಶುಂಠಿ ರಸ ಬೆರೆಸಿ ಗಿಣ್ಣಿನ ಥರ ಗಟ್ಟಿ ಮಾಡಿ ತಿಂತಾರೆ. ಟೀ ಪಾತ್ರೆಯಲ್ಲಿ ನಮಗೆ ಗಿಣ್ಣು ಬೇಡ. ಜೋರು ಕುದಿಯಲ್ಲಿ ಆ ಕಿಣ್ವ ಸಾಯುತ್ತೆ, ಹಾಗಾಗಿ ಶುಂಠಿ ಮೊದಲು ಬರೀ ನೀರಲ್ಲಿ ಕುದೀಬೇಕು. ದೊಡ್ಡ ಉರಿಯಿಟ್ಟ ದಿನ ಹಾಲು ಆ 60ರ ಹತ್ತಿರ ಬೇಗ ದಾಟಿಬಿಡುತ್ತೆ, ಬಚಾವ್. ಸಣ್ಣ ಉರಿಯಿಟ್ಟು ಸ್ನಾನಕ್ಕೆ ಹೋದ ದಿನ ಒಡೆಯುತ್ತೆ. ಕೆಲವು ದಿನ ಮಾತ್ರ ಅನ್ನೋದಕ್ಕೆ ಒಂದು ಕಾರಣ ಇದು. ಇನ್ನೊಂದು ಬೆಲ್ಲದ್ದು, ಅದನ್ನ ಆಲೆಮನೆ ಬಲ್ಲವರು ಇಲ್ಲಿದ್ದಾರೆ, ಅವರೇ ಹೇಳಲಿ.

ಎರಡು ಲೋಟಕ್ಕೆ, ಅಂದ್ರೆ ಸೋಸಿದ ಮೇಲೆ ಸುಮಾರು 300 ಮಿ.ಲೀ. ಬರೋ ಹಾಗೆ: ಪಾತ್ರೆಯನ್ನ ಒಮ್ಮೆ ನೀರಲ್ಲಿ ನೆನೆಸಿ ಚೆಲ್ಲಿ, ತಳ ಹಿಡಿಯೋದು ಕಡಿಮೆಯಾಗುತ್ತೆ. 200 ಮಿ.ಲೀ. ನೀರು, ಜಜ್ಜಿದ ಹಸಿಶುಂಠಿ 8ರಿಂದ 10 ಗ್ರಾಂ, ಲವಂಗ 2, ಕಾಳುಮೆಣಸು 4, ಅರ್ಧ ಬೆರಳುದ್ದದ ಚಕ್ಕೆ. ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ 4 ನಿಮಿಷ ಕುದಿಸಿ. ಇವೆಲ್ಲ ಗಟ್ಟಿ ಸಾಮಾನು, ಸಾರ ಬಿಡೋಕೆ ಹೊತ್ತು ಬೇಕು. ಆಮೇಲೆ ಟೀ ಸೊಪ್ಪು ತಲೆ ತಟ್ಟಿದ 2 ಚಮಚ, ತೂಕದಲ್ಲಿ 5 ಗ್ರಾಂ ಹತ್ತಿರ. ಡಸ್ಟ್ ಆದ್ರೆ ಒಂದು ನಿಮಿಷ, ಗುಂಡು ಹರಳಿನ ಸೊಪ್ಪಾದ್ರೆ ಎರಡು ನಿಮಿಷ. ಬಣ್ಣ ಪೂರಾ ಇಳಿಯೋದು ನೀರಿನಲ್ಲೇ, ಹಾಲು ಬಿದ್ದ ಮೇಲೆ ಇಳಿಯೋದು ನಿಧಾನ. ಅದಕ್ಕೇ ಹಾಲು ನೀರು ಒಟ್ಟಿಗೆ ಇಟ್ಟವರು ಐದು ನಿಮಿಷ ಕುದಿಸಬೇಕಾಗಿ ಬರೋದು.

ಈಗ 200 ಮಿ.ಲೀ. ಹಾಲು. ಮೊದಲೇ ಕಾಯಿಸಿದ್ದು, ಬಿಸಿಯಾಗಿದ್ದದ್ದು. ಫ್ರಿಜ್ಜಿನಿಂದ ತೆಗೆದು ಸುರಿದ್ರೆ ಮತ್ತೆ ಕುದಿ ಬರೋಷ್ಟರಲ್ಲಿ ಟೀ ಸೊಪ್ಪು ಇನ್ನೂ ಮೂರು ನಿಮಿಷ ಬಿಸಿಯಲ್ಲೇ ಕೂತಿರುತ್ತೆ, ಒಗರು ಜಾಸ್ತಿ. ಉಕ್ಕಿ ಬಂದಾಗ ಇಕ್ಕಳದಲ್ಲಿ ಎತ್ತಿ ಇಳಿಸಿ, ಹೀಗೆ ಮೂರು ಉಕ್ಕು. ಮೂರನೇ ಉಕ್ಕಿಗೆ ಮುಂಚೆ ಏಲಕ್ಕಿ 3 ಜಜ್ಜಿ ಸಿಪ್ಪೆ ಸಮೇತ ಹಾಕಿ, ಒಲೆ ಆರಿಸಿ, ಮುಚ್ಚಿ 2 ನಿಮಿಷ ಬಿಡಿ. ಏಲಕ್ಕಿಯ ಎಣ್ಣೆ ಹಬೆಯ ಜೊತೆ ಹಾರಿಹೋಗುತ್ತೆ. ಮನೆಯೆಲ್ಲಾ ಘಮ ಅಂದ್ರಲ್ಲ, ಅದು ಲೋಟಕ್ಕೆ ಬರಬೇಕಾಗಿದ್ದ ಘಮ.

ಕಹಿ ಬಗ್ಗೆ ಒಂದು ಮಾತು. ನಾಲಿಗೆ ಹಿಡಿದುಕೊಳ್ಳೋ ಹಾಗಿದ್ರೆ ಅದು ಒಗರು, ಟೀ ಸೊಪ್ಪು ಹೆಚ್ಚು ಕುದಿದದ್ದು. ನಾಲಿಗೆ ತುದಿ ಜುಮ್ಮೆಂದು ಕಹಿಯಾದ್ರೆ ಲವಂಗ ಜಾಸ್ತಿ. ಎರಡು ಲೋಟಕ್ಕೆ ನಾಲ್ಕು ಲವಂಗ ಹಲ್ಲುನೋವಿನ ಔಷಧಿ, ಟೀ ಅಲ್ಲ.

ಕೊಪ್ಪರಿಗೆ, ಪಾಂಡವಪುರ

ಬೆಲ್ಲದ ವಿಷಯ. ಕಬ್ಬಿನ ಹಾಲು ಸ್ವಭಾವದಲ್ಲೇ ಸ್ವಲ್ಪ ಹುಳಿ. ಆಲೆಮನೆಯಲ್ಲಿ ಕೊಪ್ಪರಿಗೆ ಕಾಯುವಾಗ ಸುಣ್ಣದ ತಿಳಿ ಹಾಕೋದು ಆ ಹುಳಿ ಕಟ್ಟೋದಕ್ಕೆ, ಬೆಂಡೆ ಗಿಡದ ಲೋಳೆ ಹಾಕೋದು ಕೊಳೆ ಮೇಲೆ ತರಿಸೋದಕ್ಕೆ. ಸುಣ್ಣ ಎಷ್ಟು ಬಿತ್ತು ಅನ್ನೋದು ಕೈಯಳತೆ. ಒಂದು ಪಾಕಕ್ಕೂ ಇನ್ನೊಂದು ಪಾಕಕ್ಕೂ ವ್ಯತ್ಯಾಸ ಇದ್ದೇ ಇರುತ್ತೆ. ಜೊತೆಗೆ ಮಳೆಗಾಲದಲ್ಲಿ ಬೆಲ್ಲ ತೇವ ಎಳೆದು ನೀರು ಬಿಟ್ಟುಕೊಳ್ಳುತ್ತೆ. ಹಾಗೆ ಜಿನುಗಿದ ಬೆಲ್ಲ ಒಳಗೇ ಹುಳಿಯಾಗ್ತಿರುತ್ತೆ, ಮೂಸಿದ್ರೆ ಗೊತ್ತಾಗುತ್ತೆ. ಅದೇ ಡಬ್ಬದಲ್ಲಿ ಮೇಲಿನ ತುಂಡು ಚೆನ್ನಾಗಿದ್ದು ತಳದ ತುಂಡು ಹಾಲು ಒಡೆಸೋದು ಇದಕ್ಕೇ.

ತಾಜಾ ಹಾಲಿನ ಪಿಎಚ್, ಅಂದ್ರೆ ಹುಳಿಯ ಅಳತೆ (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ), 6.6ರ ಆಸುಪಾಸು. ತಣ್ಣನೆ ಹಾಲು 4.6ರ ತನಕ ಇಳಿದ್ರೆ ಮೊಸರಾಗುತ್ತೆ. ಕುದಿಯೋ ಹಾಲು ಅಷ್ಟು ತಡೆಯಲ್ಲ, ಸ್ವಲ್ಪ ಇಳಿದ್ರೂ ಒಡೆಯುತ್ತೆ. ಬೆಳಿಗ್ಗೆ ಕಾಯಿಸಿ ಹೊರಗಿಟ್ಟ ಹಾಲು ಸಂಜೆ ಹೊತ್ತಿಗೆ ತಾನೇ ಅಂಚಿಗೆ ಬಂದಿರುತ್ತೆ. ಕಾಫಿಗೆ ಸಕ್ಕರೆ ಹಾಕಿದಾಗ ಪಾರಾಗುತ್ತೆ, ಸಕ್ಕರೆಯಲ್ಲಿ ಹುಳಿ ಇಲ್ಲ. ಅದೇ ಹಾಲಿಗೆ ಬೆಲ್ಲ ಬಿದ್ದು ಮತ್ತೆ ಕುದಿದ್ರೆ ಮುಗೀತು.

ಪರೀಕ್ಷೆ ಸುಲಭ. ಹೊಸ ಅಚ್ಚು ತಂದ ದಿನ ಒಂದು ಚಮಚ ಬೆಲ್ಲದ ಪುಡಿಯನ್ನ ಎರಡು ಚಮಚ ಬಿಸಿನೀರಲ್ಲಿ ಕರಗಿಸಿ, ಮೂರು ಚಮಚ ಕುದಿಯೋ ಹಾಲು ಹಾಕಿ ಒಂದು ನಿಮಿಷ ನೋಡಿ. ಬಟ್ಟಲಿನ ಅಂಚಿಗೆ ಕಾಳು ಕಟ್ಟಿದ್ರೆ ಆ ಅಚ್ಚು ಪಾಯಸಕ್ಕೂ ಬೇಡ, ಟೀಗೂ ಬೇಡ, ಹೋಳಿಗೆ ಹೂರಣಕ್ಕೆ ಇಡಿ. ಬಣ್ಣ ನೋಡಿ ತೀರ್ಮಾನ ಮಾಡೋಕಾಗಲ್ಲ. ಹಳದಿ ಬೆಲ್ಲ ಒಳ್ಳೇದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಆ ಹಳದಿ ಎಷ್ಟೋ ಸಲ ಹೈಡ್ರಾಸ್ ಅನ್ನೋ ಬಿಳುಪು ರಾಸಾಯನಿಕ ಹಾಕಿ ತಂದ ಬಣ್ಣ.

ಹಾಕೋ ಕ್ರಮ: ಎರಡು ಲೋಟಕ್ಕೆ 20 ಗ್ರಾಂ, ಪುಡಿ ಮಾಡಿ ಲೋಟದ ತಳಕ್ಕೆ ಹಾಕಿ, ಒಲೆಯಿಂದ ಇಳಿಸಿ ಮುಚ್ಚಿಟ್ಟ ಟೀಯನ್ನ ಅದರ ಮೇಲೆ ಸೋಸಿ ಕದಡಿ. ಬೆಲ್ಲ ಬಿದ್ದ ಮೇಲೆ ಮತ್ತೆ ಒಲೆಗೆ ಇಡಬಾರದು. ತಣ್ಣಗಾಯ್ತು ಅಂತ ಬಿಸಿ ಮಾಡೋಕೆ ಹೋದ್ರೆ ಕಣ್ಣೆದುರೇ ಒಡೆಯುತ್ತೆ. ಕಲ್ಲು, ಕಡ್ಡಿ ಇರೋ ಬೆಲ್ಲವಾದ್ರೆ ಅರ್ಧ ಲೋಟ ನೀರಲ್ಲಿ ಕರಗಿಸಿ ಸೋಸಿ ಇಟ್ಟುಕೊಳ್ಳಿ, ಫ್ರಿಜ್ಜಿನಲ್ಲಿ ನಾಲ್ಕೈದು ದಿನಕ್ಕೆ ಮೋಸ ಇಲ್ಲ.

ಕುಟ್ಟಾಣಿ, ಮೈಸೂರು

ಪುಡಿ ಅಳತೆ ಕೇಳಿದ್ರಿ. 50 ಗ್ರಾಂಗೆ: ಒಣಶುಂಠಿ 20, ಏಲಕ್ಕಿ 10, ಕಾಳುಮೆಣಸು 8, ಚಕ್ಕೆ 7, ಲವಂಗ 4, ಜಾಯಿಕಾಯಿ 1. ಎರಡು ಲೋಟಕ್ಕೆ ಕಾಲು ಚಮಚ ಸಾಕು, ಅರ್ಧ ಗ್ರಾಂ ಹತ್ತಿರ ಬರುತ್ತೆ. ಲೆಕ್ಕ ಹಾಕಿ, 50 ಗ್ರಾಂ ಅಂದ್ರೆ ನೂರು ಸಲದ ಟೀ. ಅದಕ್ಕಿಂತ ಜಾಸ್ತಿ ಮಾಡೋದು ಘಮವನ್ನ ಡಬ್ಬಕ್ಕೆ ದಾನ ಮಾಡಿದ ಹಾಗೆ. ಮನೆಯಲ್ಲಿ ಇಬ್ಬರೇ ಇದ್ರೆ ಇದರಲ್ಲೂ ಅರ್ಧ ಮಾಡಿ.

ಹುರಿಯಬೇಡಿ. ಸಾಂಬಾರ್ ಪುಡಿ ಅಭ್ಯಾಸದಲ್ಲಿ ಎಲ್ಲರೂ ಬಾಣಲೆ ಇಡ್ತಾರೆ. ಇಲ್ಲಿ ಬೇಕಾಗಿರೋದು ತೇವ ಹೋಗೋದು ಮಾತ್ರ. ಬಿಸಿ ಬಾಣಲೆ ಒಲೆಯಿಂದ ಇಳಿಸಿ, ಸಾಮಾನು ಹಾಕಿ ಕೈಯಾಡಿಸಿ ಬಿಟ್ರೆ ಸಾಕು. ಒಣಶುಂಠಿ ನಾರು, ಹಾಗೇ ಮಿಕ್ಸಿಗೆ ಹಾಕಿದ್ರೆ ಬ್ಲೇಡಿಗೆ ಪೆಟ್ಟು, ಮೊದಲು ಕುಟ್ಟಿ ಚೂರು ಮಾಡಿ. ಏಲಕ್ಕಿ ಸಿಪ್ಪೆ ನುಣ್ಣಗಾಗಲ್ಲ ಅನ್ನೋರು ಒಂದು ಚಮಚ ಸಕ್ಕರೆ ಜೊತೆ ತಿರುವಿ. ಬೆಲ್ಲದ ವ್ರತ ಇರೋರು ಜರಡಿ ಹಿಡೀಲಿ. ಮಿಕ್ಸಿ ಬಿಸಿಯಾಗದ ಹಾಗೆ ನಿಲ್ಲಿಸಿ ನಿಲ್ಲಿಸಿ ತಿರುವಿ, ಪೂರ್ತಿ ಆರಿದ ಮೇಲೆ ಗಾಜಿನ ಸೀಸೆಗೆ ತುಂಬಿ. ಒಂದೂವರೆ ತಿಂಗಳ ಮೇಲೆ ಖಾರ ಉಳಿಯುತ್ತೆ, ಘಮ ಉಳಿಯಲ್ಲ.

ಚಕ್ಕೆ ಜಾಸ್ತಿಯಾದ್ರೆ ಟೀ ಲೋಳೆಲೋಳೆ ಆಗುತ್ತೆ, ಪುಡಿ ಬಿಸಿನೀರಲ್ಲಿ ಅಂಟು ಬಿಡೋ ಜಾತಿ. ಸಾಮಾನು ತರೋಕೆ ದೇವರಾಜ ಮಾರುಕಟ್ಟೆ ಸುತ್ತಿನ ಗ್ರಂಧಿಗೆ ಅಂಗಡಿ ಅಥವಾ ಸಂತೇಪೇಟೆಗೆ ಹೋಗಿ, ಏಲಕ್ಕಿ ಒಂದು ಬಿಡಿಸಿ ನೋಡಿ ತಗೊಳ್ಳಿ. ಕಾಳು ಕಪ್ಪಗೆ, ಅಂಟಂಟಾಗಿ ಇರಬೇಕು. ಕಂದು ಬಣ್ಣದ ಒಣ ಕಾಳಿದ್ರೆ ಹಳೇ ಮಾಲು.

ಸೋಂಪು ಹಾಕೋರಿದ್ದಾರೆ. ಹಾಕಿಕೊಳ್ಳಿ, ಆದ್ರೆ ಟೀ ಕುಡಿದಷ್ಟೇ ಬೀಡಾ ಜಗಿದ ಹಾಗೂ ಇರುತ್ತೆ.

ಹಸಿಶುಂಠಿ ಹಾಕೋ ದಿನ ಈ ಪುಡಿ ಅರ್ಧ ಮಾಡಿ. ಒಣಶುಂಠಿ ಖಾರ ಬೇರೆ, ಗಂಟಲಲ್ಲಿ ಹತ್ತುತ್ತೆ. ಪುಡಿ ಹಾಕೋದು ಹಾಲು ಹಾಕಿದ ಮೇಲೆ, ಕೊನೇ ಉಕ್ಕಿಗೆ.

ಬೆಲ್ಲದಚ್ಚು, ಮಂಡ್ಯ

ಎಲ್ಲರಿಗೂ ವಂದನೆ. ಇನ್ನೆರಡು ಅನುಮಾನ. ಇಲ್ಲಿ ಬೋರ್ ನೀರು, ಟೀ ಮೇಲೆ ತೆಳ್ಳಗೆ ಪೊರೆ ಕಟ್ಟುತ್ತೆ, ಅದು ಕೆನೆಯೋ ಬೇರೆ ಏನೋ? ಮುಂದಿನ ಭಾನುವಾರ ಇಪ್ಪತ್ತು ಜನಕ್ಕೆ ಮಾಡಬೇಕು, ಎಲ್ಲವನ್ನೂ ಹತ್ತರಷ್ಟು ಮಾಡಿದ್ರೆ ಆಗುತ್ತಾ?

ಒಲೆಮುಂದೆ, ಮೈಸೂರು

ಹಾಲು ಹಾಕದ ಬರೀ ಡಿಕಾಕ್ಷನ್ ಮೇಲೂ ಪೊರೆ ಕಟ್ಟಿದ್ರೆ ಅದು ಗಡಸು ನೀರಿನ ಸುಣ್ಣ ಮತ್ತು ಟೀ ಸಾರ ಸೇರಿದ್ದು. ಅಂಥ ನೀರಲ್ಲಿ ಬಣ್ಣ ಮಂಕು, ರುಚಿ ಸಪ್ಪೆ, ಜನ ಟೀ ಸೊಪ್ಪು ಸರಿಯಿಲ್ಲ ಅಂತ ಬ್ರಾಂಡ್ ಬದಲಾಯಿಸ್ತಾ ಹೋಗ್ತಾರೆ. ನೀರನ್ನ ಹಿಂದಿನ ರಾತ್ರಿ ಹತ್ತು ನಿಮಿಷ ಕುದಿಸಿ ಮುಚ್ಚಿಡಿ, ಬೆಳಿಗ್ಗೆ ತಳದ ಬಿಳಿ ಪುಡಿ ಕದಡದ ಹಾಗೆ ಮೇಲಿನ ನೀರು ಬಗ್ಗಿಸಿಕೊಳ್ಳಿ. ಕಾವೇರಿ ನೀರಿನ ನಲ್ಲಿ ಇದ್ರೆ ಅದೇ ಸಾಕು.

ಇಪ್ಪತ್ತು ಜನಕ್ಕೆ ಹತ್ತರಷ್ಟು ಮಾಡಬೇಡಿ. ಮೊದಲಿಗೆ, ಮಂದಿಗೆ ಕೊಡೋ ಲೋಟ 100 ಮಿ.ಲೀ., 150 ಅಲ್ಲ. ಎರಡನೇದು, ದೊಡ್ಡ ಪಾತ್ರೆಯಲ್ಲಿ ನೀರು ಇಂಗೋದು ಕಡಿಮೆ, ಬಿಸಿ ನಿಲ್ಲೋದು ಹೆಚ್ಚು, ಮಸಾಲೆ ಪೂರಾ ಬಿಡುತ್ತೆ. ನೀರು 1.1 ಲೀಟರ್, ಹಾಲು 1.1 ಲೀಟರ್, ಟೀ ಸೊಪ್ಪು 35 ಗ್ರಾಂ, ಹಸಿಶುಂಠಿ 50 ಗ್ರಾಂ, ಏಲಕ್ಕಿ 12, ಲವಂಗ 6, ಮೆಣಸು 20, ಬೆರಳುದ್ದದ ಚಕ್ಕೆ ಎರಡು. 3% ಕೊಬ್ಬಿನ ಟೋನ್ಡ್ ಹಾಲು ಸಾಕು. 6% ಇರೋ ಗಟ್ಟಿ ಹಾಲು ಹಾಕಿದ್ರೆ ಮಸಾಲೆ ಎಲ್ಲ ಕೊಬ್ಬಿನಡಿ ಮುಚ್ಚಿಹೋಗುತ್ತೆ. ಅದೇ ಇದ್ರೆ ಹಾಲು 800 ಮಿ.ಲೀ.ಗೆ ಇಳಿಸಿ ನೀರು ಅಷ್ಟು ಏರಿಸಿ.

ಟೀ ಸೊಪ್ಪು ಸಡಿಲವಾಗಿ ಹಾಕಿದ್ರೆ ಸೋಸೋಷ್ಟರಲ್ಲಿ ಒಗರು ಏರುತ್ತೆ. ತೆಳ್ಳನೆ ಬಿಳಿ ಬಟ್ಟೆಯಲ್ಲಿ ಸಡಿಲ ಗಂಟು ಕಟ್ಟಿ ಬಿಡಿ, ಎರಡು ನಿಮಿಷಕ್ಕೆ ಎತ್ತಿಬಿಡಬಹುದು. ಗಂಟನ್ನ ಹಿಂಡಬೇಡಿ, ಒಗರೆಲ್ಲ ಆ ಕೊನೇ ಹಿಂಡಿನಲ್ಲೇ ಇರೋದು.

ಕೊಪ್ಪರಿಗೆ, ಪಾಂಡವಪುರ

ಇಪ್ಪತ್ತು ಜನಕ್ಕೆ ಬೆಲ್ಲ 140 ಗ್ರಾಂ. ಪಾತ್ರೆಗೆ ಸುರೀಬೇಡಿ. 150 ಮಿ.ಲೀ. ನೀರಲ್ಲಿ ಕರಗಿಸಿ ಸೋಸಿ ಬೇರೆ ಇಡಿ, ಆ ನೀರನ್ನ ಮೇಲಿನ ಲೆಕ್ಕದಲ್ಲಿ ಕಳೆಯಿರಿ. ಲೋಟಕ್ಕೆ ಎರಡು ಚಮಚ ಪಾಕ, ಮೇಲೆ ಟೀ. ಸಕ್ಕರೆ ಬೇಡದೋರಿಗೆ, ಸಪ್ಪೆ ಬೇಕಾದೋರಿಗೆ ಅದೇ ಪಾತ್ರೆಯಿಂದ ಕೊಡಬಹುದು. ಫ್ಲಾಸ್ಕಿಗೆ ತುಂಬೋದಾದ್ರೂ ಬೆಲ್ಲ ಇಲ್ಲದ್ದನ್ನೇ ತುಂಬಿ, ಫ್ಲಾಸ್ಕನ್ನ ಮೊದಲು ಬಿಸಿನೀರಲ್ಲಿ ತೊಳೆಯಿರಿ, ಒಂದು ಗಂಟೆಯೊಳಗೆ ಖಾಲಿ ಮಾಡಿ.

ಕೊನೇಗುಟುಕು, ಮೈಸೂರು

ಸೋಡಾ ಮಾತು ವಾಪಸ್. ಮಜ್ಜಿಗೆ ಹುಲ್ಲು (ಲೆಮನ್ ಗ್ರಾಸ್) ಹಾಕೋದಾದ್ರೆ ಯಾವಾಗ?

ಕುಟ್ಟಾಣಿ, ಮೈಸೂರು

ಶುಂಠಿ ಜೊತೆ ನೀರಿಗೇ, ಗೇಣುದ್ದದ ಎರಡು ಎಲೆ ಗಂಟು ಹಾಕಿ. ಆ ದಿನ ಚಕ್ಕೆ, ಲವಂಗ ಬಿಡಿ, ಎರಡೂ ಹುಲ್ಲಿನ ಘಮ ತಿಂದುಹಾಕ್ತವೆ. ತುಳಸಿ ಆದ್ರೆ ಒಲೆ ಆರಿಸಿದ ಮೇಲೆ ನಾಲ್ಕೆಲೆ, ಕುದಿಸಬೇಡಿ.