ಕಾಲೊನಿಯ ಅಂಚಿನಲ್ಲಿ ಟ್ರ್ಯಾಕ್‌ಗಳು ಅದಲುಬದಲಾಗುತ್ತಿವೆ, ದಯವಿಟ್ಟು ನೆರವಾಗಿ

ಅಗರೋಸ್_ಪ್ಯಾಡ್:
ಮೂರು ವಾರಗಳಿಂದ ಇದರಲ್ಲೇ ಸಿಲುಕಿ ಬೇಸತ್ತಿದ್ದೇನೆ. ಒಂದೇ ಕೋಶದಿಂದ ಬೆಳೆದ ಈ. ಕೋಲೈ ಬ್ಯಾಕ್ಟೀರಿಯಾ ಕಾಲೊನಿಯ ಫೇಸ್ ಕಾಂಟ್ರಾಸ್ಟ್ (ಬಣ್ಣ ಹಾಕದೆ ಕೋಶ ತೋರಿಸುವ ಮೈಕ್ರೋಸ್ಕೋಪ್ ವಿಧಾನ) ಚಿತ್ರಗಳಿಂದ, ಕೋಶ ಗುರುತಿಸುವ ತಂತ್ರಾಂಶವಾದ ಓಮ್ನಿಪೋಸ್‌ನಲ್ಲಿ ಮಾಸ್ಕ್ (ಪ್ರತಿ ಕೋಶದ ಆಕಾರದ ಗುರುತು) ತೆಗೆದು, ಚಿತ್ರದಿಂದ ಚಿತ್ರಕ್ಕೆ ಪ್ರತಿ ಕೋಶವನ್ನು ಹಿಂಬಾಲಿಸಿ ಟ್ರ್ಯಾಕ್ ಎಳೆಯುವ ಟ್ರ್ಯಾಕ್‌ಮೇಟ್‌ಗೆ ಕೊಡುತ್ತಿದ್ದೇನೆ. ಸುಮಾರು ಎರಡು ಗಂಟೆಯವರೆಗಿನ ವಂಶವೃಕ್ಷ ಸರಿಯಾಗಿ ಬರುತ್ತದೆ, ಆಮೇಲೆ ಅಂಚಿನ ಕೋಶಗಳ ಗುರುತು ಪಕ್ಕದ ಕೋಶಗಳಿಗೆ ಹೋಗುತ್ತದೆ. ಮಾಸ್ಕ್‌ಗಳಲ್ಲಿ ತಪ್ಪಿಲ್ಲ.

ಫೇಸ್_ರಿಂಗ್:
ಇದು ಸ್ಟೇಜ್ (ಮಾದರಿ ಇಡುವ ಮೈಕ್ರೋಸ್ಕೋಪ್ ತಟ್ಟೆ) ಸರಿಯುವುದರಿಂದಲೇ ಆಗುತ್ತಿದೆ. ಸರಿದ ಚಿತ್ರಗಳನ್ನು ಮತ್ತೆ ಸರಿಹೊಂದಿಸುವ ಸ್ಟ್ಯಾಕ್‌ರೆಗ್ ಓಡಿಸಿ. ನಮ್ಮ ಮೈಕ್ರೋಸ್ಕೋಪ್‌ಗೆ ಫೋಕಸ್ ಹಿಡಿದಿಡುವ ವ್ಯವಸ್ಥೆ ಅಳವಡಿಸಿದ ಮೇಲೂ ನಾನು ಪ್ರತಿ ಬಾರಿ ಓಡಿಸುತ್ತೇನೆ.

ಅಗರೋಸ್_ಪ್ಯಾಡ್:
ಓಡಿಸಿದೆ, ಏನೂ ಬದಲಾಗಲಿಲ್ಲ.

ಫೇಸ್_ರಿಂಗ್:
ಹಾಗಾದರೆ ಸ್ಥಳಾಂತರವನ್ನಷ್ಟೇ ಸರಿಪಡಿಸುವ ಆಯ್ಕೆಯನ್ನು ನೀವು ಆರಿಸಿಲ್ಲ. ಮತ್ತೊಮ್ಮೆ ನೋಡಿ.

ಜೋಡಿಕೋಶ:
ಸ್ಟೇಜ್ ಸರಿದರೆ ಎಲ್ಲ ಕೋಶಗಳೂ ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ಸರಿಯಬೇಕು. ಇಲ್ಲಿ ನಡುವಿನ ಕೋಶಗಳು ಸರಿಯಾಗಿದ್ದು ಅಂಚಿನವು ಮಾತ್ರ ತಪ್ಪುತ್ತಿವೆ. ಎಷ್ಟು ನಿಮಿಷಕ್ಕೊಂದು ಚಿತ್ರ ತೆಗೆದಿದ್ದೀರಿ, ಯಾವ ಮಾಧ್ಯಮದಲ್ಲಿ?

ಅಗರೋಸ್_ಪ್ಯಾಡ್:
ಹೇಳಬೇಕೆಂದು ಹೊಳೆಯಲಿಲ್ಲ, ಕ್ಷಮಿಸಿ. ಎಲ್‌ಬಿ (ಪೋಷಕಾಂಶ ಹೇರಳವಾಗಿರುವ) ಮಾಧ್ಯಮ, 37 ಡಿಗ್ರಿ, 5 ನಿಮಿಷಕ್ಕೊಂದು ಚಿತ್ರ.

ಜೋಡಿಕೋಶ:
ತೊಡಕು ಅಲ್ಲೇ ಇದೆ. ಅಂಥ ಮಾಧ್ಯಮದಲ್ಲಿ ಸುಮಾರು 20 ನಿಮಿಷಕ್ಕೆ ಇಮ್ಮಡಿಯಾಗುವ ಕಾಲೊನಿಯ ವಿಸ್ತೀರ್ಣ 5 ನಿಮಿಷದಲ್ಲಿ ಸುಮಾರು ಶೇ. 19ರಷ್ಟು, ತ್ರಿಜ್ಯ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಹಾಗಾಗಿ ಕೇಂದ್ರದಿಂದ 15 ಮೈಕ್ರೋಮೀಟರ್ ದೂರದ ಕೋಶ ಒಂದೇ ಫ್ರೇಮಿನಲ್ಲಿ (ಒಂದು ಚಿತ್ರದಿಂದ ಮುಂದಿನದಕ್ಕೆ) 1.3 ಮೈಕ್ರೋಮೀಟರಿಗೂ ಹೆಚ್ಚು ಹೊರಕ್ಕೆ ತಳ್ಳಲ್ಪಡುತ್ತದೆ. ಕೋಶದ ಅಗಲವೇ ಸುಮಾರು 1 ಮೈಕ್ರೋಮೀಟರ್ ಆಗಿರುವಾಗ, ಹಳೆಯ ಜಾಗಕ್ಕೆ ಅತಿ ಹತ್ತಿರ ಸಿಗುವುದು ಪಕ್ಕದ ಕೋಶವೇ. ಟ್ರ್ಯಾಕ್‌ಮೇಟ್ ಕೋಶ ಹುಡುಕುವ ಗರಿಷ್ಠ ದೂರದ ಮಿತಿಯನ್ನು ಎಷ್ಟು ತಿದ್ದಿದರೂ ಇದು ಸರಿಹೋಗದು. ನಿಮಿಷಕ್ಕೊಂದು ಚಿತ್ರ ತೆಗೆದರೆ ಅದೇ ಕೋಶ ಕಾಲು ಮೈಕ್ರೋಮೀಟರಿನಷ್ಟೇ ಸರಿಯುತ್ತದೆ.

ಫೇಸ್_ರಿಂಗ್:
ನಿಮಿಷಕ್ಕೊಮ್ಮೆ ಬೆಳಕು ಬಿದ್ದರೆ ಕೋಶಗಳಿಗೆ ಹಾನಿಯಾಗುತ್ತದೆ.

ಜೋಡಿಕೋಶ:
ಫ್ಲೋರೆಸೆನ್ಸ್‌ನ (ಕೋಶಗಳನ್ನು ಹೊಳೆಯಿಸುವ) ತೀವ್ರ ಬೆಳಕಿಗೆ ಆ ಎಚ್ಚರಿಕೆ ಅಗತ್ಯ. ಅದನ್ನು ಹತ್ತು ನಿಮಿಷಕ್ಕೊಮ್ಮೆ ಮಾತ್ರ ಇಡಿ. ಫೇಸ್ ಕಾಂಟ್ರಾಸ್ಟ್‌ನ ಮಂದ ಬೆಳಕಿನಿಂದ ಅಷ್ಟು ತೊಂದರೆಯಿಲ್ಲ.

ಅಗರೋಸ್_ಪ್ಯಾಡ್:
ಈಗಾಗಲೇ ತೆಗೆದಿರುವ 14 ಚಿತ್ರಸರಣಿಗಳನ್ನು ಬಿಸಾಡಬೇಕೇ?

ಜೋಡಿಕೋಶ:
ಬೇಡ. ಎರಡು ಫ್ರೇಮುಗಳ ಕೋಶಗಳನ್ನು ಜೋಡಿಸುವ ಮೊದಲು, ಕಾಲೊನಿಯ ಕೇಂದ್ರದಿಂದ ಹಿಂದಿನ ಫ್ರೇಮಿನ ಪ್ರತಿ ಕೋಶಕ್ಕಿರುವ ದೂರವನ್ನು 1.09ರಿಂದ ಗುಣಿಸಿ, ಆ ಹೊಸ ಸ್ಥಾನಕ್ಕೆ ಹತ್ತಿರದ ಕೋಶವನ್ನು ಹುಡುಕಿ. ಪೈಥಾನ್‌ನಲ್ಲಿ ಕೆಲವೇ ಸಾಲುಗಳ ಕೆಲಸ. ಬೆಳವಣಿಗೆ ನಿಧಾನವಾದ ಮೇಲೆ 1.09 ಹೊಂದುವುದಿಲ್ಲವಾದ್ದರಿಂದ, ಆ ಸಂಖ್ಯೆಯನ್ನು ನಿಮ್ಮ ಮಾಸ್ಕ್‌ಗಳ ಒಟ್ಟು ವಿಸ್ತೀರ್ಣದಿಂದಲೇ ಫ್ರೇಮಿಗೊಮ್ಮೆ ಲೆಕ್ಕ ಹಾಕಿ.

ಅಗರೋಸ್_ಪ್ಯಾಡ್:
ಒಂದು ಸರಣಿಯಲ್ಲಿ ಮಾಡಿ ನೋಡಿದೆ. ಅಂಚಿನ ತಾಯಿ-ಮಗಳು ಜೋಡಿಗಳು ಬಹುಪಾಲು ಉಳಿದುಕೊಂಡಿವೆ. ಕೋಶಗಳು ಒಂದರ ಮೇಲೊಂದು ಏರುವ ಕೊನೆಯ ಫ್ರೇಮುಗಳಲ್ಲಿ ಮಾತ್ರ ಈಗಲೂ ತಪ್ಪುತ್ತಿದೆ. ಉಳಿದ ಹದಿಮೂರನ್ನು ಇಂದು ರಾತ್ರಿ ಓಡಿಸುತ್ತೇನೆ.